ನಾಯಕಿಯ ಕೈ ನಮ್ಮ ಪುಟ್ಟಮ್ಮನದು

“ಈ ಹೆಂಗಸರು ಕಾಫಿ ಕೊಯ್ಯುವವರ ಹಾಗೆ ಕಾಣೋದೇ ಇಲ್ಲ, ಆಚೆ ಕಳಿಸಿ” ಎಂದು ಸಿನಿಮಾ ನಿರ್ದೇಶಕರು ನನಗೆ ಹೇಳಿದಾಗ, ಇಪ್ಪತ್ತು ವರ್ಷದಿಂದ ಕಾಫಿ ಕೊಯ್ಯುತ್ತಿದ್ದ ಪುಟ್ಟಮ್ಮ ಪಕ್ಕದಲ್ಲೇ ನಿಂತಿದ್ದಳು. ತೊಂಬತ್ತರ ದಶಕದ ಕೊನೆ. ಶೂಟಿಂಗ್ ನಡೆದ ವನಗೂರು ಕಡೆಯ ಎಸ್ಟೇಟಿನಲ್ಲಿ ನಾನು ಕೂಲಿ ಲೆಕ್ಕ ಬರೆಯುವ ರೈಟರ್. ಆ ಸಿನಿಮಾದ ನಾಯಕಿ ಮೊದಲು ಸೀರೆ ಜಾಹೀರಾತಿಗೆ ನಿಂತು, ಆಮೇಲೆ ಸಿನಿಮಾಕ್ಕೆ ಬಂದು, ಈಗ ತನ್ನ ಹಾಡನ್ನು ತಾನೇ ಹಾಡುವಷ್ಟು ಮೇಲೇರಿದ್ದವರು. ಅವರ ಕ್ಯಾಲೆಂಡರ್ ನಮ್ಮ ಸ್ಟೋರಿನ ಗೋಡೆಯಲ್ಲೂ ಇತ್ತು. ತೂಗುಹಾಕಿದವನು ನಾನೇ.

ಪುಟ್ಟಮ್ಮನ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ನಾಯಕಿ ಹಾಡುತ್ತ ಗಿಡಕ್ಕೆ ಕೈ ಹಾಕಿದರು. ಹಣ್ಣು, ಕಾಯಿ, ಎಲೆ ಎಲ್ಲ ಒಟ್ಟಿಗೇ ಕಿತ್ತು ಬಂತು. ಪುಟ್ಟಮ್ಮ ತಡೆಯಲಾರದೆ ಕ್ಯಾಮೆರಾದ ಮುಂದೆಯೇ ನುಗ್ಗಿದಳು.

“ಅಯ್ಯೋ, ಕಾಯೆಲ್ಲಾ ಕಿತ್ಬುಟ್ಯಲ್ಲವ್ವ! ಹಣ್ಣು ನೋಡಿ ಬಿಡಿಸು.”

ನಿರ್ದೇಶಕರು ಕೂಗಾಡಿ ಸುಸ್ತಾದ ಮೇಲೆ ಒಂದು ಉಪಾಯ ಕಂಡುಕೊಂಡರು. ಪುಟ್ಟಮ್ಮನ ಕೈಯ ಕಾಫಿ ಕಲೆ ತಿಕ್ಕಿ ತೊಳೆಸಿ, ಪೌಡರ್ ಬಳಿದು, ಉಗುರಿಗೆ ಬಣ್ಣ ಹಚ್ಚಿ, ನಾಯಕಿಯ ಬಳೆ ತೊಡಿಸಿ, ಬರೀ ಆ ಕೈಯನ್ನು ಹತ್ತಿರದಿಂದ ಚಿತ್ರೀಕರಿಸಿದರು.

ಸಿನಿಮಾ ಸಕಲೇಶಪುರಕ್ಕೆ ಬಂದಾಗ ಕೂಲಿ ಲೈನಿನ ಮನೆಯವರ ಜೊತೆ ನಾನೂ ಹೋದೆ. ನಾಯಕಿ ಕಾಫಿ ಕೊಯ್ಯುವುದನ್ನು ಎಷ್ಟು ಶ್ರದ್ಧೆಯಿಂದ ಕಲಿತಿದ್ದಾರೆ ಎಂದು ಪತ್ರಿಕೆಯೊಂದು ಹೊಗಳಿತ್ತು. ಅದನ್ನು ಪುಟ್ಟಮ್ಮನಿಗೆ ಓದಿ ಹೇಳಿದೆ. ಎಲೆಯಡಿಕೆ ಅಗಿಯುತ್ತಲೇ ಅಂದಳು: “ಕುಣಿಯಾಕೂ ಅವ್ಳೇ, ಹಾಡಾಕೂ ಅವ್ಳೇ. ಕೆಲ್ಸಕ್ ಮಾತ್ರ ನಾನ್ ಬೇಕಾದೆ ನೋಡಿ, ರೈಟ್ರೇ.”