ಮುನಿರತ್ನಮ್ಮ ಸ್ಕೂಟರ್ ಕಲಿತರು

"ಈ ವರ್ಷ ನಮ್ಮ ಚಟ್ನಿಪುಡಿ ಸಂಘದ ಗುರಿ ಏನಿರಲಿ?" ಎಂದು ಅಧ್ಯಕ್ಷೆಯಾದ ನಾನು ಕೇಳಿದ್ದೇ ತಡ, ಐವತ್ತು ದಾಟಿದ ಮುನಿರತ್ನಮ್ಮ ಎದ್ದು ನಿಂತರು.

"ನಾನು ಸ್ಕೂಟರ್ ಕಲೀಬೇಕು ಕಣಮ್ಮ. ಅಂಗಡಿಗೆ ಸರಕು ಹಾಕೋಕೆ ನೀನೊಬ್ಳೇ ಎಷ್ಟಂತ ಓಡಾಡ್ತೀಯ? ಗಂಡಸ್ರು ಬರ್ಲಿ ಅಂತ ಕಾಯ್ತಾ ಕೂತ್ರೆ ಆರ್ಡರೆಲ್ಲ ಕೈತಪ್ಪಿ ಹೋಗ್ತವೆ."

ಎಲ್ಲರೂ ನಕ್ಕರು. ಆದರೆ ಮಾತು ನಿಜವಾಗಿತ್ತು. ಅದನ್ನೇ ಗುರಿಯೆಂದು ಒಪ್ಪಿದೆವು. ಸಂಜೆ ಹೊತ್ತು ಕೆಂಚಾರ್ಲಹಳ್ಳಿ ರಸ್ತೆಯಲ್ಲಿ ಅವರು ನನ್ನ ಸ್ಕೂಟರ್ ಓಡಿಸಿದರೆ, ನಾವು ಸೆರಗು ಸಿಕ್ಕಿಸಿಕೊಂಡು ಹಿಂದೆ ಓಡುತ್ತಿದ್ದೆವು. ಒಮ್ಮೆ ಹಿಪ್ಪುನೇರಳೆ ತೋಟಕ್ಕೇ ನುಗ್ಗಿ ಬಿದ್ದರು. ಮೊಣಕೈ ತರಚಿದರೂ ಮರುದಿನ ಮತ್ತೆ ಬಂದರು. ಕೊನೆಗೆ ಲೈಸೆನ್ಸೂ ಸಿಕ್ಕಿತು.

ಮೊನ್ನೆ ಅವರೊಬ್ಬರೇ ನನ್ನ ಸ್ಕೂಟರಿನಲ್ಲಿ ಚಿಂತಾಮಣಿಯ ಅಂಗಡಿಗೆ ಮೂಟೆ ಇಳಿಸಿ ಬಂದು, ನಮ್ಮ ಮನೆ ಮುಂದೆ ಹಾರ್ನ್ ಹೊಡೆದು, "ಹತ್ತಮ್ಮ, ಒಂದು ಸುತ್ತು ಹೋಗಣ" ಎಂದರು. ಹಿಂದೆ ಕೂತು ಅವರ ಸೊಂಟ ಬಳಸಿದೆ. ಸಂಘದ ಭಾರವೆಲ್ಲ ನನ್ನೊಬ್ಬಳ ಮೇಲಿದೆ ಎಂಬ ಆತಂಕ ಅವತ್ತಿಗೆ ಹೋಯಿತು.