ಹಗ್ಗ ಕೊಡದೆ ಮಾರಿದ್ದು

ಮಾರುವುದಕ್ಕೆಂದು ಫೋಟೊ ತೆಗೆಯುವಾಗ ನಮ್ಮ ಮನೆಯ ವಸ್ತುಗಳು ಹಿಂದೆಂದೂ ಕಾಣದಷ್ಟು ಚೆನ್ನಾಗಿ ಕಾಣುತ್ತವೆ. ಇದು ನನ್ನ ಇತ್ತೀಚಿನ ಸಂಶೋಧನೆ. ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆಯ ಹಜಾರದಲ್ಲಿ ವರ್ಷಗಟ್ಟಲೆ ಮೂಲೆ ಹಿಡಿದು, ಮೇಲೊಂದು ಹಳೇ ಟವೆಲು ಹೊದ್ದು, ಮಳೆಗಾಲದಲ್ಲಿ ಒಣಗದ ಬನಿಯನ್ನುಗಳಿಗೂ ಜಾಗ ಕೊಟ್ಟುಕೊಂಡು ನಿಂತಿದ್ದ ನನ್ನ ಸಿಂಥಸೈಜರನ್ನು ಕಿಟಕಿಯ ಹತ್ತಿರ ಎಳೆದು, ಒದ್ದೆ ಬಟ್ಟೆಯಿಂದ ಒರೆಸಿ, ಮೊಬೈಲು ಹಿಡಿದು ನೋಡುತ್ತೇನೆ, ಅದು ನನ್ನದೇ ಎಂದು ನಂಬಲು ಕಷ್ಟವಾಯಿತು. ಹಾರ್ಮೋನಿಯಂ ಕಾಲದಿಂದ ನಾವು ಮನೆಗಳು ಎಂದು ಕರೆಯುವ ಆ ಕಪ್ಪು ಬಿಳಿ ಪಟ್ಟಿಗಳು ಆಗಷ್ಟೇ ಹಲ್ಲುಜ್ಜಿದಂತೆ ಹೊಳೆಯುತ್ತಿದ್ದವು. ಇಂಥದ್ದನ್ನು ಬೇರೆ ಯಾರಾದರೂ ಮಾರುತ್ತಿದ್ದರೆ ನಾನೇ ಕೊಳ್ಳುತ್ತಿದ್ದೆ.

ಆದರೆ ಕೊಳ್ಳುವ ಯೋಗ್ಯತೆ ನನಗೆ ಉಳಿದಿರಲಿಲ್ಲ. ಯೋಗ್ಯತೆ ಎಂದರೆ ದುಡ್ಡಲ್ಲ, ಕಿವಿ. ಊರಂಚಿನ ಸತ್ಯಮಂಗಲದ ಒಂದು ಕಾರ್ಖಾನೆಯಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ಗೋಡೆಯಾಚೆ ತಗಡು ಬಡಿಯುವ ಪ್ರೆಸ್ಸುಗಳು. ಸಂಬಳವೇನೋ ಸರಿಯಾಗಿ ಕೈಗೆ ಬರುತ್ತಿತ್ತು. ಸದ್ದು ಕೂಡ ಅಷ್ಟೇ ಸರಿಯಾಗಿ ಕಿವಿಗೆ ಹೋಗುತ್ತಿತ್ತು ಎಂಬುದು ರಿಟೈರಾಗುವ ಹೊತ್ತಿಗೆ ತಿಳಿಯಿತು. ಮೊದಲು ಕೈಕೊಟ್ಟಿದ್ದು ಕುಕ್ಕರಿನ ವಿಷಲ್ಲು. "ಮೂರು ಕೂಗಿದ್ ಮೇಲೆ ಆಫ್ ಮಾಡಿ ಅಂದಿದ್ನಲ್ರೀ" ಎಂದು ನನ್ನ ಹೆಂಡತಿ ಸರ್ವಮಂಗಳ ಸೀದ ಬೇಳೆಯನ್ನು ಮುಂದೆ ಹಿಡಿದಳು. ಕುಕ್ಕರು ಕೂಗಿಯೇ ಇಲ್ಲ ಎಂದು ನಾನು ವಾದ ಮಾಡಿದೆ. ಡಾಕ್ಟರು ಕುಕ್ಕರಿನ ಪರ ವಹಿಸಿದರು. ಅವರು ತೆಗೆದ ನಕ್ಷೆಯಲ್ಲಿ ನನ್ನ ಕಿವಿಯ ಗೆರೆ ದಪ್ಪ ಸದ್ದುಗಳ ಕಡೆ ನೆಟ್ಟಗೆ ಹೋಗಿ, ಸಣ್ಣ, ಕೀರಲು ಸದ್ದುಗಳ ಕಡೆ ಬಂದೊಡನೆ ಬೆಟ್ಟದ ಮೆಟ್ಟಿಲಿನಂತೆ ಕೆಳಕ್ಕಿಳಿದಿತ್ತು. ಕಿವಿಗೆ ಹಾಕಿಕೊಳ್ಳುವ ಮಿಷನ್ನು ಬಂತು. ಅದರಿಂದ ಹೆಂಡತಿಯ ಮಾತು ಚೆನ್ನಾಗಿ ಕೇಳಿಸುತ್ತದೆ. ಕೊಳಲಿನ ನಾದ ಮಾತ್ರ ತಗಡಿನ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂತೆ ಕೇಳಿಸುತ್ತದೆ.

ನಾನೇನು ದೊಡ್ಡ ಸಂಗೀತಗಾರ ಎಂದುಕೊಳ್ಳಬೇಡಿ. ಗುಬ್ಬಿಯ ಸುತ್ತಮುತ್ತ ಊರವರು ಆಡುವ ಪೌರಾಣಿಕ ನಾಟಕಗಳಿಗೆ ಹೋಗಿ ಕೀಬೋರ್ಡ್ ನುಡಿಸಿ ಬರುವ ಹವ್ಯಾಸಿ, ಅಷ್ಟೆ. ಆ ಸೀಮೆಯ ನೀರಿನಲ್ಲೇ ನಾಟಕವಿದೆ. ಹಗಲು ಕರೆಂಟ್ ಕಂಬ ಹತ್ತುವವರು, ಕೊಬ್ಬರಿ ವ್ಯಾಪಾರ ಮಾಡುವವರು, ಬ್ಯಾಂಕಿನಲ್ಲಿ ಚೆಕ್ಕಿಗೆ ಸೀಲು ಒತ್ತುವವರು ಎಲ್ಲ ವರ್ಷಕ್ಕೊಂದು ಸಲ ಗದೆ ಹಿಡಿದು ಭೀಮನಾಗುತ್ತಾರೆ, ಕಿರೀಟವಿಟ್ಟು ಕೌರವನಾಗುತ್ತಾರೆ. ಅವರ ಹಾಡುಗಾರಿಕೆಗೆ ಒಂದು ವಿಶೇಷವುಂಟು. ಲೋಕದಲ್ಲೆಲ್ಲ ಹಾಡುವವನು ಶ್ರುತಿಯನ್ನು ಹಿಡಿಯುತ್ತಾನೆ. ಇಲ್ಲಿ ಶ್ರುತಿಯೇ ಹಾಡುವವನನ್ನು ಹುಡುಕಿಕೊಂಡು ಹೋಗಬೇಕು. ಭೀಮ ತನಗೆ ತೋಚಿದಲ್ಲಿ ಶುರು ಮಾಡಿ, ಆವೇಶ ಬಂದಾಗ ಅರ್ಧ ಮನೆ ಮೇಲೇರಿ, ಕೆಮ್ಮು ಬಂದಾಗ ಒಂದು ಮನೆ ಕೆಳಗಿಳಿಯುತ್ತಾನೆ. ಹಳೇ ಕಾಲದ ಹಾರ್ಮೋನಿಯಂ ಮೇಷ್ಟ್ರುಗಳು ಅವನ ಹಿಂದೆ ಬೆರಳುಗಳನ್ನು ಓಡಿಸುತ್ತಿದ್ದರು. ನನ್ನಂಥವರಿಗೆ ದೇವರು ಟ್ರಾನ್ಸ್‌ಪೋಸ್ ಎಂಬ ಗುಂಡಿ ಕೊಟ್ಟ. ಅದನ್ನು ಒತ್ತಿದರೆ ಇಡೀ ವಾದ್ಯವೇ ಭೀಮನಿದ್ದಲ್ಲಿಗೆ ಸರಿದು ನಿಲ್ಲುತ್ತದೆ. ಬೆರಳು ಕಲಿತ ದಾರಿಯಲ್ಲೇ ಹೋದರಾಯಿತು. ಆ ಗುಂಡಿಯನ್ನು ಕಂಡುಹಿಡಿದ ಪುಣ್ಯಾತ್ಮ ಯಾವ ದೇಶದವನೋ ಗೊತ್ತಿಲ್ಲ, ಗುಬ್ಬಿಗೊಮ್ಮೆ ಬಂದು ನಾಟಕ ನೋಡಿ ಹೋಗಿರಬೇಕೆಂದು ನನ್ನ ಅನುಮಾನ.

ಇದೂ ಒಂದು ವಾದ್ಯವೇ ಎಂದು ಮೂಗು ಮುರಿಯುವವರಿದ್ದಾರೆ. ಪಿಟೀಲಿಲ್ಲದೆ ಪಿಟೀಲು, ಉಸಿರಿಲ್ಲದೆ ಕೊಳಲು, ಎಲ್ಲ ಸುಳ್ಳು ಎನ್ನುತ್ತಾರೆ. ಹಾರ್ಮೋನಿಯಂ ಕೂಡ ಹಡಗು ಹತ್ತಿ ಬಂದದ್ದೇ. ಅದಕ್ಕೂ ಜನ ಹೀಗೆಯೇ ಅಂದರು. ನಾಟಕದವರು ಮಾತ್ರ ಏನೂ ಅನ್ನದೆ ಅದನ್ನು ಗಾಡಿಗೆ ಹೇರಿಕೊಂಡು ಊರೂರು ತಿರುಗಿಸಿ, ಪೆಟ್ಟಿಗೆ ಎಂದು ಹೆಸರಿಟ್ಟು, ಮಂಗಳಾರತಿ ಎತ್ತಿ ನಮ್ಮದನ್ನಾಗಿ ಮಾಡಿಕೊಂಡರು. ಅಷ್ಟಕ್ಕೂ ಬಣ್ಣ ಬಳಿದುಕೊಂಡು ಕೌರವನಾದ ಕೊಬ್ಬರಿ ವ್ಯಾಪಾರಿಗೆ, ಪಿಟೀಲಿನ ವೇಷ ಹಾಕಿದ ಪ್ಲಾಸ್ಟಿಕ್ ಪೆಟ್ಟಿಗೆಗಿಂತ ಒಳ್ಳೆಯ ಜೊತೆ ಯಾವುದು?

ಕಳೆದ ವರ್ಷದ ನಾಟಕದಲ್ಲಿ ದ್ರೌಪದಿಯ ಪಾತ್ರಕ್ಕೆ ಹೊರಗಿನಿಂದ ಬಂದಿದ್ದ ಕಲಾವಿದೆಯದು ಒಳ್ಳೆಯ ಶಾರೀರ. ಮಾನಭಂಗದ ದೃಶ್ಯದಲ್ಲಿ ಆಕೆ ಮೇಲಿನ ಸ್ವರಕ್ಕೇರಿ ನಿಂತರು. ನಾನೂ ಅವರ ಜೊತೆ ಏರಿದೆ, ಏರಿದ್ದೇನೆಂದುಕೊಂಡೆ. ಆಕೆ ಅಳುವುದನ್ನು ನಿಲ್ಲಿಸದೆಯೇ ಕತ್ತು ತಿರುಗಿಸಿ ನನ್ನನ್ನೊಮ್ಮೆ ನೋಡಿದರು. ನಾಟಕ ಮುಗಿದ ಮೇಲೆ ನಮಸ್ಕಾರ ಹೇಳಿ ಹೋದರು. ಬೈದಿದ್ದರೆ ನಾನು ತಿರುಗಿಸಿ ಏನಾದರೂ ಹೇಳಿ ಹಗುರವಾಗುತ್ತಿದ್ದೆ. ಮನೆಗೆ ಬಂದು ಒಬ್ಬನೇ ಕೂತು ಬಲಗಡೆಯ ಕೊನೆಯ ಮನೆಗಳನ್ನು ಒಂದೊಂದಾಗಿ ಒತ್ತಿ ನೋಡಿದೆ. ಸ್ವರ ಕೇಳಲಿಲ್ಲ, ಪ್ಲಾಸ್ಟಿಕ್ಕಿನ ಮೇಲೆ ನನ್ನ ಉಗುರು ತಾಗುವ ಸದ್ದು ಕೇಳಿತು. ಆವತ್ತು ನನಗಾದ ದುಃಖವನ್ನು ತಮಾಷೆ ಮಾಡಿ ಹೇಳಲು ನನಗೆ ಬರುವುದಿಲ್ಲ. ಇನ್ನು ಇದನ್ನು ಇಟ್ಟುಕೊಂಡು ದಿನಾ ನೋಡುವುದಕ್ಕಿಂತ ಕೊಟ್ಟುಬಿಡುವುದೇ ಮೇಲೆನಿಸಿತು.

ಮೊಬೈಲಿನಲ್ಲಿ ಮಾರಾಟಕ್ಕಿದೆ ಎಂದು ಫೋಟೊ ಹಾಕಿದ ಮೇಲೆ ಫೋನುಗಳು ಬಂದವು. ಒಬ್ಬರು ಹಲೋ ಕೂಡ ಅನ್ನದೆ "ಲಾಸ್ಟ್ ಎಷ್ಟು?" ಎಂದರು. ಇನ್ನೊಬ್ಬರಿಗೆ ಫೋಟೊ ಸ್ಟುಡಿಯೋದಲ್ಲಿ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಲು ಬೇಕಿತ್ತಂತೆ. ಅದು ನುಡಿಯದಿದ್ದರೂ ಪರವಾಗಿಲ್ಲ ಎಂದರು. ಮೂರನೆಯವರು ಕುಣಿಗಲ್ಲಿನಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇಟ್ಟಿರುವ ಶಿವಣ್ಣ. ಭಜನೆಗೂ ನಾಟಕಕ್ಕೂ ನುಡಿಸುವ ಹುಚ್ಚು ಅವರಿಗೂ ಇತ್ತು. "ಟ್ರಾನ್ಸ್‌ಪೋಸ್ ಗುಂಡಿ ಸವೆದೈತಾ ಸಾರ್?" ಎಂದು ಕೇಳಿದರು. ಸವೆದಿದೆ ಎಂದೆ. "ಹಂಗಾರೆ ನಮ್ಮೋರ್‌ದೇ ಬುಡಿ" ಎಂದರು. ಆಗಲೇ ಮನಸ್ಸಿನಲ್ಲಿ ವಾದ್ಯ ಅವರದಾಗಿ ಹೋಯಿತು.

ಭಾನುವಾರ ಬೆಳಿಗ್ಗೆ ಶಿವಣ್ಣ ವ್ಯಾನು ತಂದರು, ಹೊದಿಸಿ ಒಯ್ಯಲು ಒಗೆದು ಮಡಿಸಿದ ಬೆಡ್‌ಶೀಟೂ ತಂದಿದ್ದರು. ಕೈ ತೊಳೆದು ಬಂದು, ಮುಟ್ಟದೆ ನಿಂತು, "ನೀವೊಂದ್ಸಲ ನುಡ್ಸಿ ಸಾರ್, ಆಮೇಲ್ ನಾನ್ ಮುಟ್ತೀನಿ" ಎಂದರು. ನುಡಿಸಿದೆ. ಚೆನ್ನಾಗಿಯೇ ನುಡಿಸಿದೆನೆಂದು ಇಟ್ಟುಕೊಳ್ಳಿ. ಶಿವಣ್ಣ ತಲೆದೂಗುತ್ತಿದ್ದವರು ಮುಗಿದ ಮೇಲೆ ಕೇಳಿದರು: "ಮೇಲಿನ್ ಮನೆಗಳು ಬಿಗಿ ಅವಾ ಸಾರ್? ಅಲ್ಲಿ ಜೋರಾಗ್ ಒತ್ತುತಿದ್ರಿ."

"ಮನೆ ಬಿಗಿ ಇಲ್ಲ ಶಿವಣ್ಣ. ನನ್ನ ಕಿವಿಗೆ ಕೇಳಿಸ್ತಿಲ್ಲ, ಅದಕ್ಕೇ ಮಾರ್ತಿರೋದು" ಎಂದೆ. ಮನೆಯವರನ್ನು ಬಿಟ್ಟರೆ ನಾನು ಇದನ್ನು ಬಾಯಿಬಿಟ್ಟು ಹೇಳಿದ ಮೊದಲ ಮನುಷ್ಯ ಅವರೇ. ಅವರು ನನ್ನ ಬಲಗೈಯನ್ನೇ ನೋಡಿದರು.

ಬೆಲೆಯ ಮಾತು ಕಾಫಿ ಆರುವಷ್ಟರಲ್ಲಿ ಮುಗಿಯಿತು. ನಾನು ವೈರು ಕಿತ್ತು ಕುರ್ಚಿಯ ಮೇಲಿಟ್ಟೆ. ಇಬ್ಬರೂ ಸೇರಿ ವಾದ್ಯವನ್ನು ಬೆಡ್‌ಶೀಟಿನಲ್ಲಿ ಸುತ್ತಿ ಹೊತ್ತುಕೊಂಡು ಹೊರಟಾಗ, ಬಾಗಿಲ ಬಳಿ ಕೂತಿದ್ದ ನನ್ನ ಅವ್ವ ಕೇಳಿದಳು: "ಹಗ್ಗ ಬಿಚ್ಕಂಡ್ಯೇನ್ಲಾ?"

ವಯಸ್ಸಾದವರು, ಯಾವುದೋ ನೆನಪಿನಲ್ಲಿದ್ದಾರೆ ಎಂದು ನಾನು ನಕ್ಕೆ. "ಬಿಚ್ಕಂಡೆ ಕಣವ್ವ" ಎಂದೂ ಹೇಳಿದೆ.

ನಮ್ಮದು ಗೂಳೂರಿನ ಬೇಸಾಯದ ಮನೆತನ. ನಮ್ಮಲ್ಲಿ ಹಸು ಮಾರಿದರೆ ಹಸುವನ್ನಷ್ಟೇ ಕೊಡುವುದು, ಅದರ ಕೊರಳ ಹಗ್ಗವನ್ನು ಬಿಚ್ಚಿ ಇಟ್ಟುಕೊಳ್ಳುವುದು. ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಹಗ್ಗವನ್ನೂ ಕೊಟ್ಟರೆ ಕೊಟ್ಟಿಗೆಯ ಭಾಗ್ಯ ಅದರ ಹಿಂದೆಯೇ ಹೋಗುತ್ತದೆಂದು ನಂಬಿಕೆ. ಬಿಚ್ಚಿದ ಹಗ್ಗ ಬಾಗಿಲ ಹಿಂದಿನ ಗೂಟದಲ್ಲಿ ಸುರುಳಿಯಾಗಿ ಕೂತಿರುತ್ತಿತ್ತು. ಅದು ಅಲ್ಲಿಂದ ಇಳಿಯುತ್ತಿದ್ದದ್ದು ಅಪ್ಪ ದನದ ಸಂತೆಗೆ ಹೊರಟ ದಿನ ಮಾತ್ರ. ಅಪ್ಪ ಅದನ್ನು ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದರು. ಹೆಗಲ ಮೇಲೆ ಹಗ್ಗವಿದ್ದವನನ್ನು ಕೊಳ್ಳಲು ಬಂದವನೆಂದು ಸಂತೆಯಲ್ಲಿ ಎಲ್ಲರೂ ಕರೆಯುತ್ತಾರೆ, ಹಲ್ಲು ನೋಡಿ, ಸುಳಿ ನೋಡಿ ಎನ್ನುತ್ತಾರೆ. ಎಷ್ಟೋ ಸಲ ಅಪ್ಪ ಬರೀ ಹಗ್ಗದೊಂದಿಗೆ ವಾಪಸಾಗುತ್ತಿದ್ದರು. ಅವ್ವ "ಯಾವ್ದೂ ಒಪ್ಲಿಲ್ವಾ?" ಎಂದು ಕೇಳಿ ನೀರು ಕೊಡುತ್ತಿದ್ದಳು. ಕೊಟ್ಟಿಗೆ ಖಾಲಿಯಿದ್ದ ದಿನಗಳಲ್ಲೂ ನಾವು ದನ ಇಲ್ಲದವರು ಎಂದು ಅವರಿಬ್ಬರೂ ಅಂದದ್ದು ನನಗೆ ನೆನಪಿಲ್ಲ.

ಇದೆಲ್ಲ ನೆನಪಾದದ್ದು ಸಂಜೆ ಶಿವಣ್ಣನ ಫೋನು ಬಂದ ಮೇಲೆ. "ಸಾರ್, ಎಲ್ಲಾ ಕ್ಷೇಮವಾಗ್ ಬಂದೈತೆ. ಕರೆಂಟಿನ್ ವೈರ್ ಒಂದ್ ಬಂದಿಲ್ಲ."

ಕುರ್ಚಿಯ ಮೇಲಿರಲಿಲ್ಲ. ಕೆಳಗೂ ಇರಲಿಲ್ಲ. ಸರ್ವಮಂಗಳ ಕಣ್ಣಲ್ಲೇ ಅಡುಗೆಮನೆಯ ಬಾಗಿಲ ಕಡೆ ತೋರಿಸಿದಳು. ಬಾಗಿಲ ಹಿಂದಿನ ಮೊಳೆಗೆ ಅಡಾಪ್ಟರು ನೇತಾಡುತ್ತಿತ್ತು. ಅದರ ವೈರನ್ನು ಮೊಣಕೈಗೂ ಅಂಗೈಗೂ ಸುತ್ತಿ, ನಡುವೆ ಒಂದು ಗಂಟು ಹಾಕಿ, ಹಗ್ಗ ಸುತ್ತುವ ಹಾಗೆಯೇ ಸುತ್ತಿಡಲಾಗಿತ್ತು. ಕರೀ ಡಬ್ಬಿಯ ಮೇಲೆ ಮೂರು ಬೆರಳಿನ ವಿಭೂತಿ.

"ಅವ್ವ, ಇದು ಹಗ್ಗ ಅಲ್ಲ, ಅಡಾಪ್ಟರ್ ಕಣವ್ವ. ಇದಿಲ್ದೆ ಅದು ನುಡಿಯಲ್ಲ."

"ಹಗ್ಗ ಇಲ್ದೆ ಹಸ ನಡೀತದಾ? ಅವ್ರು ಅವರ್‌ದು ತಂದ್ಕತಾರೆ."

"ಇದು ಹನ್ನೆರಡು ವೋಲ್ಟ್‌ದು."

"ಇರ್ಲಿ ಬುಡು" ಎಂದಳು ಅವ್ವ, ವೋಲ್ಟಿನ ದೋಷವನ್ನು ಕ್ಷಮಿಸಿ. ಆಮೇಲೆ ದನಿ ತಗ್ಗಿಸಿ, "ಪದ ಇಲ್ದೆ ನೀನ್ ಇರಕಿಲ್ಲ ಕಣ್ಲಾ. ಅದ್ನೂ ಕೊಟ್ಬುಟ್ರೆ ಮನೇಲ್ ಏನ್ ಉಳೀತದೆ?" ಎಂದಳು. ನಾನು ಕಿವಿಯ ಮಿಷನ್ನು ಸರಿಮಾಡಿಕೊಳ್ಳುವವನಂತೆ ಮುಖ ತಿರುಗಿಸಿದೆ. ಮಾರಿದ ಮೇಲೆ ನನ್ನ ಪಾಲಿಗೆ ಹಾಡು ಮುಗಿಯಿತೇ ಎಂದು ನಾನು ಯಾರನ್ನು ಕೇಳಲೂ ಹೆದರಿದ್ದೆ. ಅವ್ವ ನಾನು ಕೇಳದೆಯೇ ಉತ್ತರ ಹೇಳಿ, ಮೊಳೆಗೆ ನೇತುಹಾಕಿದ್ದಳು.

ಆದರೂ ವ್ಯವಹಾರ ವ್ಯವಹಾರವೇ. ಮುಂದಿನ ಭಾನುವಾರ ಅವ್ವ ಪೂಜೆಗೆ ಕೂತ ಹೊತ್ತಿನಲ್ಲಿ ಅಡಾಪ್ಟರನ್ನು ಮೊಳೆಯಿಂದ ಇಳಿಸಿ ಕೈಚೀಲಕ್ಕೆ ಹಾಕಿಕೊಂಡು ಕುಣಿಗಲ್ ಬಸ್ಸು ಹತ್ತಿದೆ. ಸ್ವಂತ ಮನೆಯಲ್ಲಿ ಕಳ್ಳತನ ಮಾಡಲು ಈ ವಯಸ್ಸಿನಲ್ಲಿ ಎಷ್ಟು ಎದೆ ಹೊಡೆದುಕೊಳ್ಳುತ್ತದೆಂದು ಗೊತ್ತಾಯಿತು.

ಶಿವಣ್ಣನ ಅಂಗಡಿಯ ಹಿಂದಿನ ಕೋಣೆಯಲ್ಲಿ ಗೊಬ್ಬರದ ಮೂಟೆಗಳ ಪಕ್ಕ ಒಂದು ಮೇಜು, ಅದರ ಮೇಲೆ ನನ್ನ ಸಿಂಥಸೈಜರು. ಯೂರಿಯಾ ವಾಸನೆಯ ನಡುವೆ ಅದು ಸ್ವಲ್ಪ ಮುಜುಗರಪಟ್ಟುಕೊಂಡಂತೆ ಕಂಡಿತು. ಅಡಾಪ್ಟರನ್ನು ಮೇಜಿನ ಮೇಲಿಟ್ಟು, ತಡವಾದದ್ದು ಯಾಕೆಂದು ನಗುತ್ತ ಹೇಳಿದೆ. ನಗು ಬರಲಿಲ್ಲ ಶಿವಣ್ಣನಿಗೆ. ಹಿಡಿಯಲು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ವಿಭೂತಿಯ ಗುರುತು ಇನ್ನೂ ಅಳಿಸಿರಲಿಲ್ಲ.

"ಬ್ಯಾಡ ಸಾರ್. ನಮ್ಮನೇಲೂ ಹಿಂಗೇ. ಅವ್ವಾರು ಅವತ್ತು ಕೇಳ್ದಾಗ್ಲೇ ನಂಗ್ ಹೊಳೀಬೇಕಾಗಿತ್ತು. ನಾನೇ ತರ್ಬೇಕಾಗಿತ್ತು. ತಪ್ಪಾಗೋಯ್ತು" ಎಂದವರೇ ಪಕ್ಕದ ಅಂಗಡಿಗೆ ಹೋಗಿ ಬ್ಯಾಟರಿಗೆ ಹಾಕುವ ದಪ್ಪ ಸೆಲ್ಲುಗಳನ್ನು ತಂದು, ವಾದ್ಯವನ್ನು ಮಗುಚಿ, ಹೊಟ್ಟೆಯಲ್ಲಿ ತುಂಬಿದರು. ಅದಕ್ಕೆ ಸೆಲ್ಲು ಹಾಕುವ ಜಾಗವಿದೆ ಎಂಬುದನ್ನು ಇಷ್ಟು ವರ್ಷದಲ್ಲಿ ನಾನು ಮರೆತೇಬಿಟ್ಟಿದ್ದೆ.

ದೀಪ ಹತ್ತಿತು. ಶಿವಣ್ಣ ಇನ್ನೊಂದು ಸ್ಟೂಲು ಎಳೆದು ಎಡಗಡೆಗೆ ಹಾಕಿದರು.

"ಎಡಗಡೆ ನೀವ್ ಹಿಡೀರಿ ಸಾರ್. ಬಲಗಡೆ ನಾನ್ ನೋಡ್ಕತೀನಿ."

ಕೂತೆ. ಎಡಗಡೆಯೆಂದರೆ ದಪ್ಪ ಸ್ವರಗಳ ಸೀಮೆ. ನುಡಿಸುವವರು ಅದನ್ನು ಎಡಗೈಗೆ ಬಿಟ್ಟು ಮರೆಯುತ್ತಾರೆ. ನಾನೂ ಅಷ್ಟೇ ಮಾಡಿದ್ದೆ. ಈಗ ಎರಡೂ ಕೈಯನ್ನು ಅಲ್ಲಿಟ್ಟೆ. ಒಂದೊಂದು ಸ್ವರವೂ ತುಂಬಿಕೊಂಡು, ಮೇಜಿನ ಮರದಿಂದ ಮೊಣಕೈಗೆ ಹತ್ತಿ ಬಂತು. ಶಿವಣ್ಣ ಬಲಗಡೆ ಯಾವುದೋ ನಾಟಕದ ಪದ ಎತ್ತಿಕೊಂಡರು. ಅದರ ತುದಿ ನನಗೆ ಕೇಳಲಿಲ್ಲ. ಅವರ ಬೆರಳಿನ ಕಡೆ ನೋಡಿ ಎಲ್ಲಿದ್ದಾರೆಂದು ತಿಳಿದು ಕೆಳಗಿನಿಂದ ಆಧಾರ ಕೊಡುತ್ತ ಹೋದೆ. ಭೀಮನನ್ನು ಹಿಂಬಾಲಿಸಿದವನಿಗೆ ಇದೇನು ಹೊಸದಲ್ಲ. ಪದ ಮುಗಿಯುವಾಗ ನನ್ನ ಕಣ್ಣು ತುಂಬಿತ್ತು. ಗೊಬ್ಬರದ ಘಾಟು ಎಂದೆ. ಹೌದು ಸಾರ್, ಘಾಟು ಜಾಸ್ತಿ ಎಂದರು ಆ ಒಳ್ಳೆಯ ಮನುಷ್ಯ. ಗುಬ್ಬಿಯಲ್ಲಿ ಮುಂದಿನ ನಾಟಕಕ್ಕೆ ಎರಡು ಸ್ಟೂಲು ಹಾಕಿಸುತ್ತೇನೆ ಎಂದೂ ಹೇಳಿದರು. 

ವಾಪಸು ಬರುವಾಗ ತುಮಕೂರು ಬಸ್‌ಸ್ಟ್ಯಾಂಡಿನಿಂದ ನೇರ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ವಾದ್ಯಗಳ ಅಂಗಡಿಯೊಂದರ ಮುಂದೆ ನಿಂತೆ. ಶಿವಣ್ಣ ಮುಟ್ಟದೆ ಹಿಂದಿರುಗಿಸಿದ ಅಡಾಪ್ಟರಿನ ವೈರು ಕೈಚೀಲದಿಂದ ಹೊರಗೆ ಇಣುಕುತ್ತಿತ್ತು. ಅಂಗಡಿಯವನು ಅದನ್ನು ನೋಡಿ, "ಬನ್ನಿ ಸಾರ್, ಯಾವ್ದ್ ನೋಡ್ತಿದೀರಾ?" ಎಂದ. ಸುಮ್ಮನೆ ನೋಡಲು ಬಂದೆ ಎಂದರೂ ಬಿಡದೆ, ನನ್ನ ಕಣ್ಣು ನಿಂತಿದ್ದ ಕಡೆ ನೋಡಿ, ಬರೀ ದಪ್ಪ ಸ್ವರಗಳನ್ನೇ ನುಡಿಸುವ, ನಾಲ್ಕು ತಂತಿಯ ಒಂದು ಗಿಟಾರನ್ನು ಇಳಿಸಿ ಕೈಗೆ ಕೊಟ್ಟ. ಮೀಟಿದೆ. ಕೇಳಿಸಿತು.

ಮನೆ ಸೇರಿದಾಗ ಅವ್ವ ಬಾಗಿಲಲ್ಲೇ ಕೂತಿದ್ದಳು. ಮೊಳೆ ಬರಿದಾಗಿರುವುದನ್ನು ಅವಳು ಬೆಳಿಗ್ಗೆಯೇ ನೋಡಿದ್ದಳೆಂದು ಕಾಣುತ್ತದೆ. ಬೈಗುಳಕ್ಕೆ ಸಿದ್ಧನಾಗಿ ಚೀಲದಿಂದ ಅಡಾಪ್ಟರನ್ನು ತೆಗೆದೆ. ಅವ್ವ ಬೈಯಲಿಲ್ಲ. ಅವಳ ಲೆಕ್ಕದಲ್ಲಿ ಹಗ್ಗ ಗೂಟದಿಂದ ಇಳಿಯುವುದಕ್ಕೆ ಇರುವುದು ಒಂದೇ ಕಾರಣ.

"ಯಾವ್ದೂ ಒಪ್ಲಿಲ್ವೇನ್ಲಾ?" ಎಂದಳು.

"ಒಂದ್ ನೋಡಿವ್ನಿ ಕಣವ್ವ. ಇನ್ನೊಂದ್ ಸಂತೆಗ್ ಹೋಗ್ಬೇಕು" ಎಂದೆ.

ಅವ್ವ ಅಡಾಪ್ಟರನ್ನು ನನ್ನ ಕೈಯಿಂದ ತೆಗೆದುಕೊಂಡು, ನಾನು ಅಡ್ಡಾದಿಡ್ಡಿ ಸುತ್ತಿದ್ದ ವೈರನ್ನು ಬಿಚ್ಚಿ, ಮೊಣಕೈಗೂ ಅಂಗೈಗೂ ಮತ್ತೆ ನೀಟಾಗಿ ಸುತ್ತಲು ಕೂತಳು.