ಚುಕ್ಕಿ ಮಾವ
ಬೋಲ್ಟ್ ಕಾರ್ಖಾನೆಯ ಗುಣಮಟ್ಟದ ಇನ್ಸ್‌ಪೆಕ್ಟರಿಗೆ ಎಲ್ಲರೂ ಇಟ್ಟ ಹೆಸರು ಚುಕ್ಕಿ ಮಾವ. ಗಂಟೆಗೊಮ್ಮೆ ಕೈಗೆ ಸಿಕ್ಕ ನಾಲ್ಕು ಬೋಲ್ಟ್‌ಗಳ ದಪ್ಪವನ್ನು ಕ್ಯಾಲಿಪರ್ ಎಂಬ ಅಳತೆಯ ಸಾಧನದಿಂದ ಅಳೆದು, ಹಾಳೆಯ ಮೇಲೆ ಮಿತಿ ತೋರುವ ಎರಡು ಕೆಂಪು ಗೆರೆಗಳ ನಡುವೆ ಚುಕ್ಕಿ ಇಡುವುದೇ ಅವನ ಕಾಯಕ. ಚುಕ್ಕಿಗಳು ಸಾಲಾಗಿ ಒಂದೇ ಕಡೆ ವಾಲಿದವೋ, ಯಂತ್ರ ನಿಲ್ಲಲೇಬೇಕು. “ಗೆರೆ ದಾಟಿಲ್ವಲ್ಲ ಮಾವ” ಎಂದು ಮೇಸ್ತ್ರಿ ಗೋಗರೆದರೆ, “ದಾಟೋಕೆ ಹೊರಟಿದೆಯಲ್ಲ” ಎನ್ನುತ್ತಾನೆ. ಮನೆಯಲ್ಲೂ ಅದೇ ರಾಗ: “ಉಪ್ಪು ಸರಿಯಾಗೇ ಇದೆ ಕಣೇ, ಆದ್ರೆ ಸೋಮವಾರದಿಂದ ಏರ್ತಾನೇ ಇದೆ.” ಹೆಂಡತಿ ಉಪ್ಪಿನ ಡಬ್ಬಿಯನ್ನೇ ಅವನ ಮುಂದೆ ಕುಕ್ಕಿದ್ದಾಳೆ. ಮೊನ್ನೆ ಎಲ್ಲ ಯಂತ್ರಗಳ ಚುಕ್ಕಿಗಳೂ ಒಟ್ಟಿಗೆ ಕೆಳಗೆ ವಾಲಿದವು. ನಿಲ್ಲಿಸಿ, ಬಿಚ್ಚಿ ನೋಡಿದರೆ ಎಳ್ಳಷ್ಟೂ ದೋಷವಿಲ್ಲ. ಕೊನೆಗೆ ಮಾವ, ಅಳತೆ ಎಂದೂ ಬದಲಾಗದ ಮಾದರಿ ಬೋಲ್ಟನ್ನೇ ಅಳೆದ. ಅದೂ ಕಡಿಮೆ ಬಂತು. ಅದೇ ಕ್ಯಾಲಿಪರ್ ಹಿಡಿದು ಮೇಸ್ತ್ರಿ ಅಳೆದರೆ ಸರಿಯಾಗಿತ್ತು. ವಾಲಿದ್ದು ಮಾವನ ಕಣ್ಣು. ಮಾವ ಕ್ಯಾಲಿಪರನ್ನು ಮೇಸ್ತ್ರಿಯ ಕೈಯಲ್ಲೇ ಬಿಟ್ಟು ಎದ್ದ: “ಯಂತ್ರ ಓಡ್ಲಿ. ನಿಲ್ಲಬೇಕಾದೋನು ನಾನು.”